ಕೋಸಂಬರಿ ಮೊದಲು

ಕಳೆದ ವಸಂತದಲ್ಲಿ ನಮ್ಮ ಹಳೆಯ ಕಾರನ್ನು ಮಾರುವುದೆಂದು ನಿಶ್ಚಯವಾದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಡ್ರೈವ್‌ವೇಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿದು ನಿಂತೆ. ಡ್ರೈವರ್ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಬಗ್ಗಿ ನೋಡಿದರೆ, ಅಲ್ಲಿ ಕಂಡದ್ದನ್ನು ವಿವರಿಸಲು ಪುರಾತತ್ವ ಇಲಾಖೆಯವರೇ ಬರಬೇಕು. ಮೇಲಿನ ಪದರದಲ್ಲಿ ಅವಲಕ್ಕಿ, ಅದರ ಕೆಳಗೆ ಕಡಲೇಬೀಜದ ಸಿಪ್ಪೆ, ಅದಕ್ಕೂ ಕೆಳಗೆ ಒಣಗಿ ಚಕ್ಕೆಯಾದ ಚಪಾತಿಯ ಅಂಚು, ಎಲ್ಲಕ್ಕಿಂತ ಆಳದಲ್ಲಿ ಕಾರ್ಪೆಟ್ಟಿಗೆ ಅಂಟಿಕೊಂಡು ಕೂತ ಇಡಿಯಾದ ಒಂದು ಕೋಡುಬಳೆ. ಕೈಗೆ ತೆಗೆದುಕೊಂಡು ಒತ್ತಿ ನೋಡಿದೆ. ಮುರಿಯಲಿಲ್ಲ. ಯಾವ ಗೌರಿಹಬ್ಬದ್ದೋ ಏನೋ, ಆಕಾರದಲ್ಲೂ ಬಣ್ಣದಲ್ಲೂ ಕುಂದಿಲ್ಲದೆ ಉಳಿದಿತ್ತು.

ಬಾಗಿಲ ಬಳಿ ನಿಂತಿದ್ದ ಮಗಳು ಇಂಚರ ನನ್ನನ್ನು ಸ್ವಲ್ಪ ಹೊತ್ತು ಗಮನಿಸಿ, "ಅಪ್ಪಾ, ಪ್ಲೀಸ್ ಟೆಲ್ ಮಿ ಯು ಆರ್ ನಾಟ್ ಗೋಯಿಂಗ್ ಟು ಈಟ್ ದಟ್" ಎಂದಳು.

ತಿನ್ನುವ ಯೋಚನೆ ಇರಲಿಲ್ಲ. ಆದರೆ ಒಮ್ಮೆಗೇ ಎಸೆಯಲು ಮನಸ್ಸೂ ಬರಲಿಲ್ಲ. ಏಕೆಂದರೆ ಆ ಕೋಡುಬಳೆ ನಾನು ಬಿಟ್ಟು ಬಂದ ಒಂದು ಬಾಳಿನ ಕುರುಹು. ಬಹಳ ವರ್ಷ ನನ್ನ ಬೆಳಗಿನ ತಿಂಡಿ ಆಗುತ್ತಿದ್ದದ್ದು ಆ ಸೀಟಿನ ಮೇಲೆಯೇ.

ಅಮೆರಿಕದ ಈ ಮೂಲೆಯಲ್ಲಿ ಪಾರ್ಸಿಪನಿಯಿಂದ ಬಾಸ್ಕಿಂಗ್ ರಿಡ್ಜ್‌ಗೆ ಟೂ ಏಟಿ ಸೆವೆನ್ ಹೈವೇಯಲ್ಲಿ ಕಮ್ಯೂಟ್ ಮಾಡುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಎಡಗೈಯಲ್ಲಿ ಸ್ಟಿಯರಿಂಗ್, ಬಲಗೈಯಲ್ಲಿ ಪಲ್ಯ ಸುತ್ತಿದ ಚಪಾತಿ, ಕಿವಿಯಲ್ಲಿ ಆಫೀಸಿನ ಮೀಟಿಂಗ್. ಬಾಯಿ ತುಂಬಿರುವಾಗಲೇ ಯಾರಾದರೂ ನನ್ನ ಹೆಸರು ಹಿಡಿದು ಪ್ರಶ್ನೆ ಕೇಳುವರು. ನಾನು ಮ್ಯೂಟ್‌ನಲ್ಲಿದ್ದೆ ಎಂಬ ನೆಪ ಹೇಳುವಷ್ಟರಲ್ಲಿ ತುತ್ತು ನುಂಗಿ ಮುಗಿಸುವ ಕಲೆಯನ್ನು ಸಾಧಿಸಿಕೊಂಡಿದ್ದೆ. ಮಧ್ಯಾಹ್ನದ ಊಟ ಆಫೀಸಿನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕ. ರಾತ್ರಿಯದು ಸೋಫಾದಲ್ಲಿ, ಟೀವಿಯ ಎದುರು. ತಟ್ಟೆ ಖಾಲಿಯಾದದ್ದು ಕೈಗೆ ತಿಳಿಯುತ್ತಿತ್ತೇ ಹೊರತು ನನಗೆ ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ನಾನು ಸಮಯದ ಉಳಿತಾಯವೆಂದು ಭಾವಿಸಿ, ಸ್ನೇಹಿತರ ಎದುರು ಸ್ವಲ್ಪ ಬೀಗಿಕೊಂಡೂ ಇದ್ದೆ.

ನೀವು ನಗಬೇಕಾದ್ದು ಇಲ್ಲಲ್ಲ, ಮುಂದೆ. ನಾನು ಹೋಟೆಲಿನವನ ಮಗ.

ನಮ್ಮ ಅಪ್ಪ ಕುಂದಾಪುರದ ಕಡೆಯಿಂದ ಮೈಸೂರಿಗೆ ಬಂದು ಊಟದ ಹೋಟೆಲು ಇಟ್ಟವರು. ಉದ್ದನೆಯ ಕಲ್ಲುಚಪ್ಪಡಿಯ ಮೇಜುಗಳು, ಮರದ ಬೆಂಚುಗಳು, ಗೋಡೆಯ ಮೇಲೆ ದೇವರ ಪಟಗಳ ಸಾಲು, ಇಷ್ಟೇ. ಊರಲ್ಲೆಲ್ಲ ನಿಂತು ತಿನ್ನುವ ಹೋಟೆಲುಗಳು ಒಂದರ ಹಿಂದೊಂದು ಬಂದಾಗ, ಬೆಂಚು ತೆಗೆದರೆ ಮೂರು ಪಟ್ಟು ಜನ ಹಿಡಿಯುತ್ತಾರೆಂದು ಎಲ್ಲರೂ ಅಪ್ಪನಿಗೆ ಬುದ್ಧಿ ಹೇಳಿದರು. ಅಪ್ಪ ಕೇಳಲಿಲ್ಲ. ಕುದುರೆ ನಿಂತು ತಿನ್ನುತ್ತದೆ, ಮನುಷ್ಯ ಕೂತು ತಿನ್ನಬೇಕು ಎಂಬುದು ಅವರ ವಾದ. ಅವರ ಬಡಿಸುವ ಕ್ರಮವೂ ಅಷ್ಟೇ ಬಿಗಿ. ಎಲೆಗೆ ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಎರಡು ಪಲ್ಯ. ಗಿರಾಕಿ ಅವುಗಳಿಗೆ ಕೈಹಾಕಿ ಸ್ವಲ್ಪ ತಿಂದ ಮೇಲೆಯೇ ಅನ್ನದ ಬೋಗುಣಿ ಆ ಸಾಲಿಗೆ ಬರುತ್ತಿತ್ತು. ಇದು ಆರೋಗ್ಯಶಾಸ್ತ್ರವೋ ಅಥವಾ ಅನ್ನ ಕಡಿಮೆ ಖರ್ಚಾಗಲಿ ಎಂಬ ಹೋಟೆಲಿನವನ ಜಾಣತನವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು.

ಊರಿಗೆಲ್ಲ ಕೂರಿಸಿ ಬಡಿಸಿದ ಅಪ್ಪ ಮಾತ್ರ ಒಂದು ದಿನವೂ ಕೂತು ಉಂಡವರಲ್ಲ. ಮಧ್ಯಾಹ್ನದ ಪಂಕ್ತಿಗಳೆಲ್ಲ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಿಂತು, ಉಳಿದ ಅನ್ನಕ್ಕೆ ಉಳಿದ ಸಾರು ಸುರಿದುಕೊಂಡು, ಗಲ್ಲಾಪೆಟ್ಟಿಗೆಯ ಕಡೆ ಒಂದು ಕಣ್ಣಿಟ್ಟು ಗಬಗಬನೆ ತಿಂದು ಕೈತೊಳೆಯುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬೇಗನೆ ಬಂತು. ಕೊನೆಕೊನೆಗೆ ಕಣ್ಣು ಮಂಜಾಗಿ, ಬಂದವರನ್ನು ದನಿಯಿಂದ ಗುರುತಿಸುತ್ತಿದ್ದರು. ಹೋಟೆಲು ನನಗೆ ಬರಲಿಲ್ಲ. ಆ ನಿಂತ ಊಟ ಬಂತು.

ಆದ್ದರಿಂದಲೇ ಡಾಕ್ಟರ್ ವೀಣಾ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ, ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿದೆ ಎಂದಾಗ ನಾನು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಅವರು ಬೆಂಗಳೂರಿನವರು, ನಮ್ಮ ಕನ್ನಡ ಸಂಘದಲ್ಲೂ ಪರಿಚಯ. ಅಕ್ಕಿ ಬಿಡಿ, ಆಲೂಗಡ್ಡೆ ಬಿಡಿ, ಮಾವಿನಹಣ್ಣು ಬಿಡಿ ಎಂಬ ದೊಡ್ಡ ಪಟ್ಟಿಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡು ಕೂತಿದ್ದೆ. ಪಕ್ಕದಲ್ಲಿ ಹೆಂಡತಿ ಶೈಲಾ, ಆ ಪಟ್ಟಿಯನ್ನು ಜಾರಿಗೆ ತರಲು ಸಿದ್ಧಳಾಗಿ ಕೂತಿದ್ದಳು.

"ಏನು ತಿಂತೀರಿ ಅಂತ ಆಮೇಲೆ ನೋಡೋಣ" ಎಂದರು ಡಾಕ್ಟರ್. "ಎಲ್ಲಿ ಕೂತ್ಕೊಂಡು ತಿಂತೀರಿ, ಅದನ್ನ ಹೇಳಿ ಮೊದಲು."

ಹೇಳಿದೆ. ಕಾರು, ಕೀಬೋರ್ಡು, ಸೋಫಾ. ಮನೆಯಲ್ಲಿ ಊಟದ ಮೇಜಿಲ್ಲವೇ ಎಂದು ಕೇಳಿದರು. ಇದೆ ಎಂದೆ. ಅದರ ಮೇಲೇನಿದೆ ಎಂದು ಕೇಳಿದರು. ನಾನು ಶೈಲಾಳ ಮುಖ ನೋಡಿದೆ.

ಅವಳು ಧಾರವಾಡದವಳು, ಮುಚ್ಚಿಟ್ಟು ಮಾತಾಡುವುದು ಅವಳಿಗೆ ಬರುವುದಿಲ್ಲ. "ಅದರ ಮ್ಯಾಲೆ ಏನದ ಅಂತ ಕೇಳಬ್ಯಾಡ್ರಿ ಡಾಕ್ಟ್ರೇ, ಏನಿಲ್ಲ ಅಂತ ಕೇಳ್ರಿ" ಎಂದಳು.

ಡಾಕ್ಟರು ನಕ್ಕು, ಮೊದಲು ಆ ಮೇಜನ್ನು ಖಾಲಿ ಮಾಡಿ ಎಂದರು. ಕೂತು ತಿನ್ನಿ, ನಿಧಾನವಾಗಿ ತಿನ್ನಿ, ತಟ್ಟೆಯ ಅರ್ಧ ತರಕಾರಿ ಇರಲಿ, ಅದನ್ನೇ ಮೊದಲು ತಿನ್ನಿ, ಊಟದ ಮೇಲೆ ಒಂದು ಸುತ್ತು ನಡೆಯಿರಿ ಎಂದರು. ಮೂರು ತಿಂಗಳು ನೋಡುವುದು, ಬಗ್ಗದಿದ್ದರೆ ಮಾತ್ರೆ. ಇಷ್ಟೇ ಆದರೆ ಎಷ್ಟು ಸುಲಭ ಎಂದುಕೊಂಡು ಹೊರಗೆ ಬಂದೆ.

ಸುಲಭದ್ದನ್ನು ಮಾಡಲು ನಮಗೆ ಮನಸ್ಸೇ ಬರುವುದಿಲ್ಲ ನೋಡಿ. ಡಾಕ್ಟರು ಹೇಳಿದ್ದನ್ನು ಬಿಟ್ಟು ಹೇಳದ್ದನ್ನೆಲ್ಲ ಮಾಡಲು ಹೊರಟೆ. ಮನೆಗೆ ಬಂದವನೇ ಅಕ್ಕಿಯ ಬದಲಿಗೆ ಕೀನ್ವಾ ಎಂಬ ಧಾನ್ಯ ತಂದೆ. ಶೈಲಾ ಅದರಲ್ಲಿ ಬಿಸಿಬೇಳೆಬಾತ್ ಮಾಡಿದಳು. ಅದನ್ನು ಬಾಯಿಗಿಟ್ಟ ಇಂಚರ ಎದ್ದು ಹೋಗಿ ತಾನೇ ಟೋಸ್ಟ್ ಮಾಡಿಕೊಂಡಳು. ನಾನು ಮಾತ್ರ ಹಟ ಹಿಡಿದು ತಿಂದೆ. ಪಾಲಕ್ ಸ್ಮೂದಿ ಮಾಡಿದೆ. ಅದರ ಬಣ್ಣ ನೋಡಿದರೆ ನಮ್ಮ ಟೌನ್‌ಶಿಪ್ಪಿನ ಕೆರೆ ನೆನಪಾಗುತ್ತಿತ್ತು. ರಾತ್ರಿ ಬರೀ ಸ್ಯಾಲಡ್ ಎಂದು ಶಪಥ ಮಾಡಿದೆ, ಮಲಗುವ ಮುಂಚೆ ಪ್ಯಾಂಟ್ರಿಯ ಬಾಗಿಲಲ್ಲಿ ನಿಂತು ಚಕ್ಕುಲಿ ತಿಂದೆ. ಒಂದು ವಾರದಲ್ಲಿ ನನ್ನ ಮುಖ ಸಣ್ಣಗಾಯಿತು, ಹೊಟ್ಟೆ ಹಾಗೆಯೇ ಇತ್ತು.

ಶೈಲಾ ಆ ಭಾನುವಾರ ಬೆಳಿಗ್ಗೆ ಕೀನ್ವಾದ ಚೀಲವನ್ನು ಮೇಲಿನ ಕಪಾಟಿಗೆ ಏರಿಸಿದಳು. "ನಿಮಗ ಡಾಕ್ಟರು ಊಟ ಬಿಡು ಅಂದಿಲ್ಲ, ಕೂಡು ಅಂದಾರ. ಮದ್ಲ ಟೇಬಲ್ ಖಾಲಿ ಮಾಡೂಣ ಬರ್ರಿ" ಎಂದಳು.

ಆ ಮೇಜಿನ ಮೇಲೆ ಟಪಾಲು, ಟ್ಯಾಕ್ಸ್ ಕಾಗದಗಳ ರಟ್ಟಿನ ಪೆಟ್ಟಿಗೆ, ಅಂಗಡಿಗೆ ಹಿಂತಿರುಗಿಸಬೇಕಾಗಿದ್ದು ಅವಧಿ ಮೀರಿಹೋದ ಒಂದು ಜೊತೆ ಶೂ, ಪ್ರಿಂಟರು, ಇಂಚರಳ ಪ್ರಾಜೆಕ್ಟಿನ ಅಗ್ನಿಪರ್ವತ, ಒಗೆದು ಮಡಚದ ಬಟ್ಟೆ. ಎಲ್ಲವನ್ನೂ ಎತ್ತಿ ಸಾಗಿಸಿ ಒರೆಸಿದಾಗ ಮರದ ಬಣ್ಣ ಇಷ್ಟು ತಿಳಿಯಾದದ್ದೆಂದು ನಮಗಿಬ್ಬರಿಗೂ ನೆನಪೇ ಇರಲಿಲ್ಲ. ಅಂದು ಸಂಜೆ ಮೂವರೂ ಅಲ್ಲಿ ಕೂತೆವು. ಫೋನುಗಳನ್ನು ಶೈಲಾ ಬ್ರೆಡ್ಡಿನ ಡಬ್ಬಿಗೆ ಹಾಕಿ ಮುಚ್ಚಿದಳು. ಇಂಚರ ತನಗೆ ಹೋಮ್‌ವರ್ಕ್ ಇದೆ, ರೂಮಿನಲ್ಲೇ ತಿನ್ನುತ್ತೇನೆ ಎಂದು ತಕರಾರು ತೆಗೆದಳು. ಅಪ್ಪನ ಔಷಧಿ ಎಂದುಕೊಂಡು ಕೂತುಕೋ ಎಂದು ಅವಳಮ್ಮ ಹೇಳಿದ ಮೇಲೆ ಕುರ್ಚಿ ಎಳೆದುಕೊಂಡಳು.

ಮೊದಲ ಕೆಲವು ದಿನ ಮೇಜಿನ ಸುತ್ತಲ ಮಾತು ಕೆಲಸದ ಸಂದರ್ಶನದಂತಿತ್ತು. ಹೇಗಿತ್ತು ಸ್ಕೂಲು ಎಂದರೆ ಗುಡ್. ಏನು ಮಾಡಿದೆ ಎಂದರೆ ನಥಿಂಗ್. ತಟ್ಟೆಗೆ ಮೊದಲು ಪಲ್ಯವೋ ಕೋಸಂಬರಿಯೋ ಬರುತ್ತಿತ್ತು. ಅದು ಮುಗಿಯುವವರೆಗೆ ಅನ್ನದ ಪಾತ್ರೆಯನ್ನು ಶೈಲಾ ಒಲೆಯ ಮೇಲೇ ಇಡುತ್ತಿದ್ದಳು. ಅನ್ನಕ್ಕೋಸ್ಕರ ಎದ್ದು ಹೋಗಬೇಕಲ್ಲ ಎಂಬ ಸೋಮಾರಿತನದಿಂದಲೇ ಎರಡನೇ ಸಲ ಹಾಕಿಕೊಳ್ಳುವುದನ್ನು ನಾನು ಬಿಟ್ಟೆ. ನನ್ನ ಸೋಮಾರಿತನ ನನಗೆ ಉಪಕಾರ ಮಾಡಿದ್ದು ಜೀವನದಲ್ಲಿ ಅದೇ ಮೊದಲು. ಬೆಳಿಗ್ಗೆ ಸ್ವಲ್ಪ ಬೇಗ ಎದ್ದು, ಉಪ್ಪಿಟ್ಟನ್ನು ತಟ್ಟೆಯಲ್ಲಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ತಿಂದೇ ಕಾರು ಹತ್ತುತ್ತಿದ್ದೆ. ಉಪ್ಪಿಟ್ಟಿನಲ್ಲಿ ಬೀನ್ಸ್, ಬಟಾಣಿ, ಕ್ಯಾರೆಟ್ ರವೆಗಿಂತ ಜಾಸ್ತಿಯಾಗಿದ್ದವು. ಅದನ್ನು ರವೆ ಉದುರಿಸಿದ ಪಲ್ಯವೆಂದೇ ಕರೆಯಬೇಕಿತ್ತು. ಜ್ಯೂಸಿನ ಬಾಟಲಿಯ ಜಾಗಕ್ಕೆ ನೀರಿನ ಹೂಜಿ ಬಂತು. ಹಣ್ಣನ್ನು ಫ್ರಿಜ್ಜಿನ ತಳದ ಡ್ರಾಯರಿನಿಂದ ಎತ್ತಿ ಕಣ್ಣಿಗೆ ಬೀಳುವಲ್ಲಿ ಇಟ್ಟೆವು. ಡ್ರಾಯರಿನಲ್ಲಿ ಕೊಳೆಯುತ್ತಿದ್ದ ಸೇಬು ಮೇಜಿನ ಮೇಲೆ ಎರಡು ದಿನವೂ ನಿಲ್ಲಲಿಲ್ಲ.

ಒಂದು ಸಂಜೆ ಇಂಚರ, ಅನ್ನ ಯಾಕೆ ಕೊನೆಗೆ ಎಂದು ಕೇಳಿದಳು. ನಾನು ಅಪ್ಪನ ಹೋಟೆಲಿನ ಕಥೆ ಶುರುಮಾಡಿದೆ. ಅವಳು ಹುಟ್ಟುವ ಮುಂಚೆಯೇ ಅಪ್ಪ ತೀರಿಕೊಂಡಿದ್ದರು, ಅವಳಿಗೆ ಅಜ್ಜನೆಂದರೆ ಗೋಡೆಯ ಮೇಲಿನ ಒಂದು ಫೋಟೋ ಮಾತ್ರ. ಬೆಂಚುಗಳ ಕಥೆ ಕೇಳಿ ನಕ್ಕಳು. ಅವರು ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದುದನ್ನು ಹೇಳಿದಾಗ ನಗಲಿಲ್ಲ. "ನೋಬಡಿ ಟೋಲ್ಡ್ ಹಿಮ್ ಟು ಸಿಟ್?" ಎಂದಳು. ನಾವು ಯಾರೂ ಹೇಳಿರಲಿಲ್ಲ. ಅವರು ಯಜಮಾನರು, ಅವರಿಗೆ ಹೇಳುವವರು ಯಾರು? ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಹಾಕಿದಳು. ಅಂದಿನಿಂದ ಹೋಮ್‌ವರ್ಕಿನ ನೆಪ ಕೇಳಿಬರಲಿಲ್ಲ.

ಮೂರು ತಿಂಗಳ ಮೇಲೆ ಡಾಕ್ಟರು ರಿಪೋರ್ಟ್ ನೋಡಿ ಹುಬ್ಬೇರಿಸಿದರು. ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು. ಮಾತ್ರೆ ಬೇಡ, ಹೀಗೇ ಇರಿ ಎಂದರು. ನಾನು ಅಂದು ಬಹಳ ಬೀಗಿದೆ ಎಂದು ಶೈಲಾ ಹೇಳುತ್ತಾಳೆ, ಇರಬಹುದು. ಗೆದ್ದವನಿಗೆ ಬರುವ ರೋಗವೊಂದಿದೆ, ಊರಿಗೆಲ್ಲ ಬುದ್ಧಿ ಹೇಳುವುದು. ಅದು ನನಗೂ ತಗುಲಿತು. ಆ ವರ್ಷ ಸಂಘದ ದೀಪಾವಳಿ ಊಟದ ಸಮಿತಿಯಲ್ಲಿ ನನ್ನ ಹೆಸರಿತ್ತು.

ನಮ್ಮ ಸಂಘದ ಊಟವನ್ನು ನೀವು ನೋಡಿರಬಹುದು. ಬಾಡಿಗೆಗೆ ಹಿಡಿದ ಸ್ಕೂಲಿನ ಕೆಫೆಟೀರಿಯಾ, ಉದ್ದಕ್ಕೂ ಅಲ್ಯೂಮಿನಿಯಂ ಟ್ರೇಗಳು. ಸಾಲು ಶುರುವಾಗುವುದು ಪೂರಿಯಿಂದ, ಆಮೇಲೆ ಸಾಗು, ಪುಲಾವ್, ಬಿಸಿಬೇಳೆಬಾತ್, ಮೊಸರನ್ನ, ಪಲ್ಯಗಳು, ಜಾಮೂನು, ಹೋಳಿಗೆ. ಎಲ್ಲ ಮುಗಿದ ಮೇಲೆ, ಕಸದ ಡಬ್ಬಿಯ ಹತ್ತಿರ, ಒಂದು ಪುಟ್ಟ ಬೋಗುಣಿಯಲ್ಲಿ ಕೋಸಂಬರಿ. ಅಷ್ಟರಲ್ಲಿ ಪೇಪರ್ ತಟ್ಟೆ ಎರಡೂ ಕೈಯಲ್ಲಿ ಹಿಡಿಯುವಷ್ಟು ಭಾರವಾಗಿರುತ್ತದೆ. ಕೋಸಂಬರಿಗೆ ಜಾಗವೂ ಇಲ್ಲ, ಬಡಿಸಿಕೊಳ್ಳಲು ಕೈಯೂ ಇಲ್ಲ.

ಸಾಲನ್ನು ತಿರುಗಿಸೋಣ ಎಂದೆ ನಾನು. ಅಡುಗೆ ಬದಲಿಸುವುದು ಬೇಡ, ಪೂರಿಯೂ ಇರಲಿ, ಜಾಮೂನೂ ಇರಲಿ. ಕೋಸಂಬರಿ ಮೊದಲು ಬರಲಿ, ಅದರ ಹಿಂದೆ ಪಲ್ಯ, ಅನ್ನ ಕೊನೆಗೆ, ಸಿಹಿ ಬೇರೆ ಮೇಜಿನ ಮೇಲೆ.

ಪುಟ್ಟಸ್ವಾಮಿ ಅಂಕಲ್ ಸಂಘ ಹುಟ್ಟಿದಂದಿನಿಂದ ಊಟದ ಸಮಿತಿಯ ಹಿರಿಯರು. ಒಳ್ಳೆಯ ಮನುಷ್ಯ, ಉಣ್ಣುವವರನ್ನು ನೋಡಿ ಸಂತೋಷಪಡುವವರು. "ಜನ ಹಬ್ಬಕ್ಕೆ ಬರ್ತಾರೆ ಕಣಯ್ಯ, ಡಯಟ್ ಮಾಡಕ್ಕಲ್ಲ" ಎಂದರು. "ಬಾಗಿಲಲ್ಲೇ ಹಸಿ ಸೌತೆಕಾಯಿ ತೋರಿಸಿದ್ರೆ ಬೇಜಾರು ಮಾಡ್ಕೊತಾರೆ. ಆಮೇಲೆ ಬೈಯೋದು ನನಗೆ."

ಬೈದವರನ್ನು ನನ್ನ ಹತ್ತಿರ ಕಳಿಸಿ ಎಂದು ಧೈರ್ಯ ಮಾಡಿ ಹೇಳಿಬಿಟ್ಟೆ. ಸಮಿತಿಯವರು ಒಂದು ಸಲ ನೋಡೋಣ ಎಂದರು. ಅಂಕಲ್ ತಲೆ ಅಲ್ಲಾಡಿಸಿದರು, ಒಪ್ಪಿಗೆಯೋ ಕನಿಕರವೋ ತಿಳಿಯಲಿಲ್ಲ.

ಕೋಸಂಬರಿಯ ಹೊಣೆ ನಮ್ಮ ಮನೆಯದಾಯಿತು. ಹಿಂದಿನ ಸಂಜೆ ಅಡುಗೆಮನೆಯಲ್ಲಿ ಹೆಸರುಬೇಳೆ ನೆನೆದು ಉಬ್ಬುತ್ತಿತ್ತು. ಇಂಚರ ತನ್ನ ಮೂವರು ಗೆಳತಿಯರನ್ನು ಕರೆದುಕೊಂಡು ಬಂದಿದ್ದಳು. ಕ್ಯಾರೆಟ್ ತುರಿಯುತ್ತ, ಸೌತೆಕಾಯಿ ಹೆಚ್ಚುತ್ತ, ಅರ್ಧದಷ್ಟನ್ನು ಬಾಯಿಗೆ ಹಾಕಿಕೊಳ್ಳುತ್ತ ಗಲಗಲ ಮಾತು. ಈಗಲೇ ಉಪ್ಪು ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ, ನಾಳೆ ಬಡಿಸುವಾಗಲೇ ಹಾಕಬೇಕು ಎಂದು ಶೈಲಾ ಅವರಿಗೆ ಕಲಿಸುತ್ತಿದ್ದಳು. ಇಂಗು ಸಾಸಿವೆಯ ಒಗ್ಗರಣೆ ಚಟಪಟ ಎಂದಾಗ ಸ್ಮೋಕ್ ಅಲಾರಂ ಹೊಡೆದುಕೊಂಡಿತು. ಅದರ ಕೆಳಗೆ ನಿಂತು ಹೊಗೆ ಚದುರಿಸಲು ಟವೆಲ್ ಬೀಸುವ ಕೆಲಸ ಯಥಾಪ್ರಕಾರ ನನ್ನದು.

ಮರುದಿನ ಕಾರ್ಯಕ್ರಮ ಮುಗಿದು ಜನ ಕೆಫೆಟೀರಿಯಾಕ್ಕೆ ಬಂದರು. ಮೊದಲು ಬಂದ ದಂಪತಿ ಕೋಸಂಬರಿಯ ಟ್ರೇ ನೋಡಿ, ಸಾಲು ತಪ್ಪಿ ಬಂದೆವೇನೋ ಎಂದು ಹಿಂದೆ ಮುಂದೆ ನೋಡಿದರು. ತೀರ್ಥ ಪ್ರಸಾದದಷ್ಟು ಹಾಕಿಕೊಂಡು ಪೂರಿಯ ಕಡೆ ನಡೆದರು. ಅವರ ಹಿಂದಿನವರು ಅಷ್ಟನ್ನೂ ಹಾಕಿಕೊಳ್ಳಲಿಲ್ಲ. ಯಾರೋ ಒಬ್ಬರು, ಸೀರಿಯಸ್ ಫುಡ್ ಎಲ್ಲಿದೆ ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಪುಟ್ಟಸ್ವಾಮಿ ಅಂಕಲ್ ನನ್ನ ಕಡೆ ಒಮ್ಮೆ ನೋಡಿದರು. ಟ್ರೇಗಳನ್ನು ಮತ್ತೆ ಹಳೆಯ ಹಾಗೆ ಜೋಡಿಸಿಬಿಡೋಣವೇ ಎಂದು ಯೋಚಿಸಿದೆ.

ಇಂಚರ ನೀರಿನ ಬಾಟಲಿ ಹಂಚುವ ಕಡೆ ಇದ್ದಳು. ಅಲ್ಲಿಂದ ಎದ್ದು ಬಂದಳು. ಟ್ರೇಯಲ್ಲಿದ್ದ ಚಮಚವನ್ನು ಕೈಗೆತ್ತಿಕೊಂಡು ಮೇಜಿನ ಆಚೆ ನಿಂತಳು. ಮುಂದೆ ಬಂದ ಹಿರಿಯ ಹೆಂಗಸಿಗೆ ಹೇಳಿದಳು, "ನಮಸ್ಕಾರ ಆಂಟಿ. ಕೋಸಂಬರಿ ಹಾಕ್ಲಾ? ನಾನು ಮಾಡಿದ್ದು."

ನಾನು ಕನ್ನಡದಲ್ಲಿ ಕೇಳಿದ ಯಾವ ಪ್ರಶ್ನೆಗೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ. ರಕಾರ ಅವಳ ನಾಲಿಗೆಯಲ್ಲಿ ಅಮೆರಿಕನ್ನರ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಆದರೆ ಕೇಳಿದ ರೀತಿ ಇತ್ತಲ್ಲ, ಸ್ವಲ್ಪ ಮುಂದೆ ಬಾಗಿ, ಚಮಚವನ್ನು ಆಗಲೇ ತಟ್ಟೆಯ ಮೇಲೆ ಹಿಡಿದು, ಅದು ನಮ್ಮ ಅಪ್ಪನ ಹೋಟೆಲಿನದೇ. ಆ ಆಂಟಿ ಅವಳ ಮುಖ ನೋಡಿ, ಹಾಕಮ್ಮ ಎಂದರು. ಒಂದು ಚಮಚ ಬಿತ್ತು. ಸಾಕು ಎನ್ನುವಷ್ಟರಲ್ಲಿ ಎರಡನೆಯದೂ ಬಿತ್ತು.

ನಮ್ಮಲ್ಲಿ ಒತ್ತಾಯ ಮಾಡಿ ಬಡಿಸುವುದು ಹೋಳಿಗೆಯನ್ನು, ಲಾಡುವನ್ನು. ಸೌತೆಕಾಯಿಯನ್ನು ಯಾರೂ ಒತ್ತಾಯದಿಂದ ಬಡಿಸಿದ್ದಿಲ್ಲ. ಅದನ್ನು ತಪ್ಪಿಸಿಕೊಳ್ಳುವುದು ಹೇಗೆಂಬ ಅಭ್ಯಾಸ ಯಾರಿಗೂ ಇರಲಿಲ್ಲ. ಗೆಳತಿಯರು ಇದನ್ನು ನೋಡಿ ತಾವೂ ಬಂದರು. ಒಬ್ಬಳು ಬೀನ್ಸ್ ಪಲ್ಯದ ಮುಂದೆ, ಒಬ್ಬಳು ಮೆಂತ್ಯದ ಪಲ್ಯದ ಮುಂದೆ, ಮತ್ತೊಬ್ಬಳು ಮಜ್ಜಿಗೆಯ ಮುಂದೆ. ಹಾಕ್ಲಾ ಆಂಟಿ, ಹಾಕ್ಲಾ ಅಂಕಲ್ ಎಂಬ ದನಿ ಸಾಲಿನ ಉದ್ದಕ್ಕೂ ಕೇಳತೊಡಗಿತು. ಸಾಲು ನಿಧಾನವಾಯಿತು. ಬೇಸರಿಸಿಕೊಳ್ಳಬೇಕಾದವರು ಮಕ್ಕಳ ಹೆಸರು ಕೇಳುತ್ತ, ಯಾವ ಕ್ಲಾಸು ಎಂದು ವಿಚಾರಿಸುತ್ತ ನಿಂತರು. ಪೂರಿಯ ಹತ್ತಿರ ಬರುವಾಗ ಎಲ್ಲರ ತಟ್ಟೆಯೂ ಅರ್ಧ ಹಸಿರಾಗಿತ್ತು. ಎರಡು ಪೂರಿಯ ಜಾಗದಲ್ಲಿ ಒಂದೇ ಹಿಡಿಯಿತು. ಸಿಹಿಯ ಮೇಜಿನಲ್ಲಿ ಶೈಲಾ ಹೋಳಿಗೆಯನ್ನು ನಾಲ್ಕು ತುಂಡು ಮಾಡಿ ಇಟ್ಟಿದ್ದಳು. ಬೇಕಾದವರು ಮತ್ತೆ ಬರಲಿ ಎಂದು. ಹೆಚ್ಚಿನವರು ಮತ್ತೆ ಬರಲಿಲ್ಲ, ಮಾತಿನಲ್ಲಿ ಮೈಮರೆತರು.

ಪುಟ್ಟಸ್ವಾಮಿ ಅಂಕಲ್ ಎಲ್ಲರೂ ಉಂಡ ಮೇಲೆ ತಟ್ಟೆ ಹಿಡಿದು ಬರುವವರು. ಅವರು ಬಂದಾಗ ಇಂಚರ ಟ್ರೇಯ ಮೂಲೆಗಳನ್ನು ಚಮಚದಿಂದ ಗೋರುತ್ತಿದ್ದಳು.

"ನನಗೇನಮ್ಮ ಉಳಿಸಿದೀಯ?" ಎಂದರು.

"ಸಾರಿ ಅಂಕಲ್, ಖಾಲಿ ಆಯ್ತು. ಇದು ಲಾಸ್ಟ್ ಸ್ಪೂನ್, ನಿಮಗೇ" ಎಂದು ಗೋರಿದ್ದನ್ನೆಲ್ಲ ಅವರ ತಟ್ಟೆಗೆ ಹಾಕಿದಳು. "ಪೂರಿ ತುಂಬಾ ಇದೆ."

ಅಂಕಲ್ ಪೂರಿಯ ಟ್ರೇ ನೋಡಿದರು. ನಿಜವಾಗಿಯೂ ತುಂಬಾ ಇತ್ತು. ಸಂಘದ ಚರಿತ್ರೆಯಲ್ಲಿ ಕೋಸಂಬರಿ ಮೊದಲು ಮುಗಿದು ಪೂರಿ ಉಳಿದದ್ದನ್ನು ತಾವು ಕಂಡಿಲ್ಲ ಎಂದು ಅವರು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ನನ್ನ ಹತ್ತಿರ ಬಂದು, ಮುಂದಿನ ಸಲ ಎರಡು ಪಟ್ಟು ಮಾಡಿಸು ಎಂದರು. ಅಷ್ಟು ಹೇಳಿ, ಒಂದು ಕುರ್ಚಿ ಎಳೆದುಕೊಂಡು, ಆ ಕೊನೆಯ ಚಮಚವನ್ನು ಮೊದಲು ತಿಂದರು.

ಮೇಜುಗಳನ್ನು ಮಡಚಿ, ನೆಲ ಗುಡಿಸಿ, ಖಾಲಿ ಪಾತ್ರೆಗಳನ್ನು ಹೊತ್ತು ನಾವು ಪಾರ್ಕಿಂಗ್ ಲಾಟಿಗೆ ಬರುವಾಗ ಹೊರಗೆ ಚಳಿ ಇಳಿಯುತ್ತಿತ್ತು. ಈ ಸಂಘದಲ್ಲಿ ನನ್ನನ್ನು ಹೆಸರಿನಿಂದ ಬಲ್ಲವರು ಕಡಿಮೆ. ಶೈಲಾ ಹಾಡುತ್ತಾಳೆ, ನಾಟಕದಲ್ಲಿ ಪಾತ್ರ ಮಾಡುತ್ತಾಳೆ, ಹೀಗಾಗಿ ನಾನು ಶೈಲಾ ಅವರ ಯಜಮಾನರು ಎಂದೇ ಪ್ರಸಿದ್ಧ. ಅದರಲ್ಲಿ ನನಗೆ ಕೊರತೆಯೇನೂ ಕಂಡಿರಲಿಲ್ಲ. ಅಂದು ಹ್ಯಾರಿಸನ್ ಎಂಬ ಊರಿನಿಂದ ಹೊಸದಾಗಿ ಬಂದಿದ್ದ ಯುವ ದಂಪತಿ ತಮ್ಮ ಕಾರಿನ ಬಳಿ ನಿಂತಿದ್ದರು. ಗಂಡ ನನ್ನನ್ನು ನೋಡಿ ಕೈಮುಗಿದು, ಹೆಂಡತಿಗೆ ಪರಿಚಯ ಮಾಡಿಕೊಟ್ಟ.

"ಕೋಸಂಬರಿ ಬಡಿಸಿದ್ಲಲ್ಲ, ಆ ಹುಡುಗಿ. ಅವಳ ಅಪ್ಪ ಇವರು."

ಇಂಚರ ಆಚೆ ಕಡೆ ಪಾತ್ರೆಗಳನ್ನು ಡಿಕ್ಕಿಗೆ ತುಂಬುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಕೈಯಲ್ಲಿದ್ದ ಟ್ರೇಯನ್ನು ಕೆಳಗಿಟ್ಟು, ನೆಟ್ಟಗೆ ನಿಂತು, ನಾನೂ ಕೈಮುಗಿದೆ. ಹೌದು, ಅವಳ ಅಪ್ಪ ನಾನೇ ಎಂದೆ.